ಲ್ಹಾಸಾ ಕಾಣದವರ ಟಿಬೆಟನ್ ನಿಘಂಟು

ಪ್ರಶ್ನೆ: ಬೈಲಕುಪ್ಪೆಗೆ ಹೋದಾಗಲೆಲ್ಲ ಅಲ್ಲಿನ ಫಲಕಗಳ ಟಿಬೆಟನ್ ಲಿಪಿಯನ್ನು ಬೆರಗಿನಿಂದ ನೋಡುತ್ತೇನೆ. ಈ ಭಾಷೆಗೆ ಇಂಗ್ಲಿಷಿನಲ್ಲಿ ಮೊದಲ ಒಳ್ಳೆಯ ನಿಘಂಟು ಮಾಡಿದವರು ಹಂಗೇರಿಯವರಂತೆ, ಅವರು ಟಿಬೆಟ್ಟಿನ ರಾಜಧಾನಿಯನ್ನು ಕಂಡೇ ಇರಲಿಲ್ಲವಂತೆ. ನಿಜವೆ? ಹಾಗಾದರೆ ಭಾಷೆ ಕಲಿತದ್ದು ಹೇಗೆ?
— ಓದುಗರು, ಕುಶಾಲನಗರ

ಉತ್ತರ: ನಿಜ. ಅವರ ಹೆಸರು ಅಲೆಕ್ಸಾಂಡರ್ ಚೋಮಾ ಡಿ ಕೊರೊಸ್. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುವವರು, ಹಾಗಾಗಿ ಅವರ ಬಾಯಲ್ಲಿ ಕೊರೊಶಿ ಚೋಮಾ ಶಾಂಡೋರ್. ಲ್ಹಾಸಾಕ್ಕೆಂದು ಹೊರಟದ್ದೇನೋ ಹೌದು. 1842ರ ಮಾರ್ಚಿನಲ್ಲಿ ಕಲ್ಕತ್ತೆಯಿಂದ ಡಾರ್ಜಿಲಿಂಗ್ ಮುಟ್ಟಿದರು. ದಾರಿಯಲ್ಲಿ ತರಾಯಿಯ ಕಾಡು ದಾಟುವಾಗ ಹಿಡಿದ ಜ್ವರ ಬಿಡಲಿಲ್ಲ. ಏಪ್ರಿಲ್ 11ರಂದು, 58ರ ವಯಸ್ಸಿನಲ್ಲಿ, ತೀರಿಕೊಂಡರು. ನಾಲ್ಕು ಪೆಟ್ಟಿಗೆ ಪುಸ್ತಕ, ಕಾಗದ, ಯಾವಾಗಲೂ ತೊಡುತ್ತಿದ್ದ ನೀಲಿ ಉಡುಪು, ಕೆಲವು ಅಂಗಿ, ಅಡುಗೆಗೊಂದು ಪಾತ್ರೆ: ಅವರ ಆಸ್ತಿ ಇಷ್ಟೇ. ಗೋರಿ ಇಂದಿಗೂ ಡಾರ್ಜಿಲಿಂಗಿನಲ್ಲಿದೆ.

ಇನ್ನು ಕಲಿತದ್ದು ಹೇಗೆಂಬ ಪ್ರಶ್ನೆ. ಮೊದಲು ತಿಳಿಯಬೇಕಾದದ್ದು, ಅವರು ಮನೆ ಬಿಟ್ಟದ್ದು ಟಿಬೆಟನ್ ಕಲಿಯಲು ಅಲ್ಲ. 1784ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ, ಅಂದರೆ ಇಂದಿನ ರೊಮೇನಿಯಾದಲ್ಲಿ, ಹುಟ್ಟಿದ ಅವರಿಗೆ ತಮ್ಮ ಜನರ ಮೂಲ ಹುಡುಕುವ ಹಂಬಲ. ಹಂಗೇರಿಯನ್ ಭಾಷೆಗೆ ಅಕ್ಕಪಕ್ಕದ ಭಾಷೆಗಳೊಂದಿಗೆ ನಂಟಿಲ್ಲ. ಆದ್ದರಿಂದ ತಮ್ಮ ಹಿರೀಕರ ನೆಲ ಮಧ್ಯ ಏಷ್ಯಾದಲ್ಲಿರಬೇಕೆಂದು ಅವರು ನಂಬಿದ್ದರು. ಆ ನಂಬಿಕೆ ತಪ್ಪಾಗಿತ್ತು. ಹಂಗೇರಿಯನ್ನಿಗೆ ತೀರ ಹತ್ತಿರದ ಭಾಷೆಗಳನ್ನಾಡುವವರು ಇರುವುದು ಸೈಬೀರಿಯಾದಲ್ಲಿ.

1819ರ ಕೊನೆಯಲ್ಲಿ ನಡೆದೇ ಹೊರಟರು. ಅಲೆಕ್ಸಾಂಡ್ರಿಯಾ, ಅಲೆಪ್ಪೊ, ಮೋಸುಲ್. ಅಲ್ಲಿಂದ ಟೈಗ್ರಿಸ್ ನದಿಯಲ್ಲಿ ತೆಪ್ಪದ ಮೇಲೆ ಬಾಗ್ದಾದ್. ಮುಂದೆ ಟೆಹರಾನ್, ಬುಖಾರಾ, ಕಾಬೂಲ್, ಲಾಹೋರ್, ಕಾಶ್ಮೀರ. 1822ರ ಜೂನಿನಲ್ಲಿ ಲೇಹ್ ತಲುಪಿದರು. ಅಲ್ಲಿಂದ ಮಧ್ಯ ಏಷ್ಯಾದ ಯಾರ್ಕಂದಿಗೆ ಹೋಗುವ ದಾರಿ ದುಬಾರಿ, ಅಪಾಯವೂ ಇತ್ತು. ಹಾಗಾಗಿ ಹಿಂದಿರುಗುವಾಗ ದ್ರಾಸ್ ಬಳಿ ವಿಲಿಯಂ ಮೂರ್‌ಕ್ರಾಫ್ಟ್ ಎದುರಾದರು. ಇವರು ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯರು, ಕುದುರೆಗಳನ್ನು ಅರಸಿ ಹಿಮಾಲಯ ಸುತ್ತುತ್ತಿದ್ದವರು. 1762ರಲ್ಲಿ ರೋಮಿನಲ್ಲಿ ಅಚ್ಚಾದ, ಟಿಬೆಟನ್ ಅಕ್ಷರಗಳ ಬಗೆಗಿನ ದಪ್ಪ ಲ್ಯಾಟಿನ್ ಪುಸ್ತಕವೊಂದನ್ನು ಮೂರ್‌ಕ್ರಾಫ್ಟ್ ಇವರ ಕೈಗಿತ್ತರು. ಆ ಪುಸ್ತಕ ಓದುತ್ತ ಓದುತ್ತ ಚೋಮಾ ಟಿಬೆಟನ್ನಿಗೆ ಒಲಿದರು. ಮೂರ್‌ಕ್ರಾಫ್ಟ್ ಹಣದ ನೆರವು ಕೊಟ್ಟರು, ಕಲಿಸಬಲ್ಲ ಲಾಮಾ ಒಬ್ಬರನ್ನೂ ಗೊತ್ತುಮಾಡಿಸಿದರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಲಾಮಾ. ಹೆಸರು ಸಂಗ್ಯೆ ಫುಂತ್ಸೊಗ್, ಊರು ಲಡಾಖಿನ ದಕ್ಷಿಣಕ್ಕಿರುವ ಝಂಸ್ಕಾರ್ ಕಣಿವೆ. ಓದಿಕೊಂಡವರು, ವೈದ್ಯರೂ ಹೌದು. ಲಡಾಖ್, ಝಂಸ್ಕಾರ್‌ಗಳಲ್ಲಿ ಆಡುವ ಮಾತು ಲ್ಹಾಸಾದ ಮಾತಿಗಿಂತ ಬೇರೆ. ಆದರೆ ಗ್ರಂಥಗಳ ಭಾಷೆ ಎಲ್ಲ ಕಡೆಯೂ ಒಂದೇ. ಆದ್ದರಿಂದ ಝಂಸ್ಕಾರಿನಲ್ಲಿ ಕುಳಿತೇ ಟಿಬೆಟ್ಟಿನ ಇಡೀ ವಾಙ್ಮಯದ ಬಾಗಿಲು ತೆರೆಯಬಹುದಿತ್ತು. ಗುರು ಮಾತ್ರ ಬೇಕಿತ್ತು.

ಏಕೆಂದರೆ ಆ ಭಾಷೆಯನ್ನು ಕಾಗದ ನೋಡಿ ಕಲಿಯುವುದು ಕಷ್ಟ. ಅಕ್ಷರಮಾಲೆ ನಮಗೆ ಅಪರಿಚಿತವಲ್ಲ. ಕನ್ನಡದಂತೆ ಅದೂ ಬ್ರಾಹ್ಮಿಯ ಕುಲದ್ದು, ಕ ಖ ಗ ಙ ಎಂದೇ ಆರಂಭ. ಆದರೆ ಬರಹ ನೂರಾರು ವರ್ಷ ಹಿಂದೆಯೇ ನಿಂತುಬಿಟ್ಟಿದೆ, ಉಚ್ಚಾರ ಮುಂದೆ ಸಾಗಿದೆ. ಎಂಟು ಎಂಬುದಕ್ಕೆ ಬ, ರ, ಗ, ಯ, ದ ಎಂಬ ಐದು ವ್ಯಂಜನ ಕೂಡಿಸಿ ಬರೆಯುತ್ತಾರೆ. ಲ್ಹಾಸಾದಲ್ಲಿ ಓದುವುದು ‘ಗ್ಯೇ’, ಲಡಾಖ್ ಕಡೆ ‘ಗ್ಯತ್’. ನಿಘಂಟಿನಲ್ಲಿ ಹುಡುಕಬೇಕಾದದ್ದು ಬ ಅಲ್ಲ, ಗ ಅಕ್ಷರದಡಿ. ಯಾವುದು ಮೂಲಾಕ್ಷರ, ಯಾವುದು ಬರೀ ಅಂಟಿಕೊಂಡದ್ದು ಎಂದು ಪಕ್ಕದಲ್ಲಿ ಕುಳಿತವರು ತೋರಿಸಿಕೊಡಬೇಕು.

1823ರ ಬೇಸಿಗೆಯಿಂದ ಹದಿನಾರು ತಿಂಗಳು ಇಬ್ಬರೂ ಝಂಗ್ಲಾ ಎಂಬ ಊರಿನಲ್ಲಿದ್ದರು. ಚಳಿಗಾಲದಲ್ಲಿ ಚೋಮಾ, ಲಾಮಾ, ಒಬ್ಬ ಸಹಾಯಕ, ಈ ಮೂವರಿಗೂ ಸೇರಿ ಒಂಬತ್ತು ಅಡಿ ಉದ್ದಗಲದ ಒಂದೇ ಕೋಣೆ. ಹೊರಗೆ ಹಿಮ, ಒಳಗೆ ಬೆಂಕಿಯಿಲ್ಲ, ಕತ್ತಲಾದರೆ ದೀಪವಿಲ್ಲ, ನೆಲವೇ ಹಾಸಿಗೆ. ಕುರಿಚರ್ಮ ಹೊದ್ದು ಬೆಳಗಿನಿಂದ ಸಂಜೆಯವರೆಗೆ ಓದು. ಚೋಮಾರ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಅದೇ ಚಳಿಯಲ್ಲಿ ಅದೇ ನೆಲದ ಮೇಲೆ ಲಾಮಾ ಕೂಡ ಕುಳಿತಿದ್ದರು, ಪರದೇಶದವರೊಬ್ಬರಿಗೆ ಪದಪದವಾಗಿ ತಮ್ಮ ಭಾಷೆಯನ್ನು ಬಿಡಿಸಿ ಹೇಳುತ್ತಿದ್ದರು. ಈ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅವರ ಬಳಿ.

ಝಂಸ್ಕಾರಿನಿಂದ ಕೆಳಗಿಳಿದಾಗ ಸಬಾತುವಿನಲ್ಲಿ ಕಂಪನಿ ಅಧಿಕಾರಿಗಳು ಇವರನ್ನು ಗೂಢಚಾರರಿರಬಹುದೆಂದು ತಡೆದರು. ಪತ್ರ ಬರೆದು ತಮ್ಮ ಕಥೆಯೆಲ್ಲ ಹೇಳಿಕೊಂಡ ಮೇಲೆ ತಿಂಗಳಿಗೆ 50 ರೂಪಾಯಿಯ ನೆರವು ಸಿಕ್ಕಿತು. ಮತ್ತೆ ಝಂಸ್ಕಾರ್, ಆಮೇಲೆ ಕಿನ್ನೌರಿನ ಕಾನಂ ಗ್ರಾಮದಲ್ಲಿ ಮೂರು ವರ್ಷ. 1831ರಲ್ಲಿ ಕಲ್ಕತ್ತೆ. ಏಷ್ಯಾಟಿಕ್ ಸೊಸೈಟಿಯಲ್ಲಿ ಕುಳಿತು, ಬುದ್ಧವಚನಗಳ ನೂರು ಸಂಪುಟಗಳ ಕಂಗ್ಯುರ್‌ನಲ್ಲಿ ಏನೇನಿದೆ ಎಂದು ವಿವರವಾಗಿ ಬರೆದರು. ಭಾರತದಲ್ಲಿ ಮೂಲವೇ ಕಳೆದುಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದಿವೆ ಎಂಬುದು ಯುರೋಪಿನ ವಿದ್ವಾಂಸರಿಗೆ ಸ್ಪಷ್ಟವಾದದ್ದರಲ್ಲಿ ಈ ಬರಹದ ಪಾಲು ದೊಡ್ಡದು. ಲಾಮಾ ಮಾಡಿಕೊಟ್ಟಿದ್ದ ಸಾರಾಂಶವನ್ನು ಆಧರಿಸಿ ಟಿಬೆಟನ್ ವೈದ್ಯಗ್ರಂಥದ ಪರಿಚಯವನ್ನೂ ಪ್ರಕಟಿಸಿದರು.

ನಿಘಂಟು ಮತ್ತು ವ್ಯಾಕರಣ 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದವು, ತಲಾ 500 ಪ್ರತಿ. ಅದಕ್ಕೆ ಮುಂಚೆ 1826ರಲ್ಲಿ ಸೆರಾಂಪುರದಿಂದ ಒಂದು ಪದಕೋಶ ಹೊರಬಿದ್ದಿತ್ತು, ಆದರೆ ನೆಚ್ಚಿಕೊಳ್ಳಬಹುದಾದ ಮೊದಲನೆಯದು ಚೋಮಾರದೇ. ಪಂಡಿತರಿಂದ ಕಲಿತು ಅವರ ಹೆಸರನ್ನು ಮುನ್ನುಡಿಯ ಮೂಲೆಗೆ ತಳ್ಳುವುದೋ, ಬಿಟ್ಟೇಬಿಡುವುದೋ ಸಾಮಾನ್ಯವಾಗಿದ್ದ ಕಾಲ ಅದು. ಚೋಮಾ ನಿಘಂಟಿನ ಶೀರ್ಷಿಕೆ ಪುಟದಲ್ಲೇ, ತಮ್ಮ ಹೆಸರಿಗಿಂತ ಮೇಲೆ, ಝಂಸ್ಕಾರಿನ ವಿದ್ವಾಂಸ ಲಾಮಾ ಸಂಗ್ಯೆ ಫುಂತ್ಸೊಗ್ ಅವರ ನೆರವಿನಿಂದ ಇದು ಸಿದ್ಧವಾಯಿತೆಂದು ಅಚ್ಚು ಹಾಕಿಸಿದರು.