ಮೊದಲು ಖಾಲಿ ಕೇಜ್ ಇಳಿಯಲಿ

ಬೆಂಗಳೂರಿನ ರೋಬೋ ಸ್ಪರ್ಧೆ ಮುಗಿಸಿಕೊಂಡು ಬಂದಾಗಿನಿಂದ ನೀವು ನಾಲ್ವರೂ ಹೇಳುತ್ತಿರುವುದು ಒಂದೇ ಮಾತು: "ಸ್ಕೂಲಲ್ಲಿ ಚೆನ್ನಾಗಿ ಓಡ್ತಿತ್ತು ತಾತ." ಓಡುತ್ತಿತ್ತು, ನಾನೇ ನೋಡಿದ್ದೇನೆ. ಕಪ್ಪು ಗೆರೆ ಹಿಡಿದು ಹೋಗಿ, ಡಬ್ಬಿ ಎತ್ತಿ, ಗುರುತು ಹಾಕಿದ ಚೌಕದಲ್ಲಿ ಇಟ್ಟು ಬರುತ್ತಿತ್ತು. ಅಲ್ಲಿ ಮೊದಲ ತಿರುವಿನಲ್ಲೇ ಗೆರೆ ಬಿಟ್ಟು ಗೋಡೆ ಕಡೆ ಹೊರಟಿತಂತೆ. ಎರಡನೇ ಸರದಿಯಲ್ಲಿ ಡಬ್ಬಿಗೆ ಕೈ ಹಾಕಿದ ಕೂಡಲೇ ಬೋರ್ಡೇ ಆಫ್ ಆಗಿ, ಮತ್ತೆ ಮೊದಲಿನಿಂದ ಶುರು ಮಾಡಿತಂತೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಪಾನಿಪುರಿ ಕೊಡಿಸುತ್ತೇನೆ ಎಂದರೂ ನೀವು ಬೇಡ ಅಂದಿರಿ ಎಂದು ನಿಮ್ಮ ಮೇಷ್ಟ್ರು ಹೇಳಿದರು. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ಬೇಡ ಅನ್ನುವ ಮಕ್ಕಳೆಂದರೆ ವಿಷಯ ಗಂಭೀರವೇ ಇರಬೇಕು.

ಸಮಾಧಾನ ಮಾಡಲು ಇದನ್ನು ಬರೆಯುತ್ತಿಲ್ಲ. ಭಾಗವಹಿಸಿದ್ದೇ ದೊಡ್ಡದು ಎಂದು ಬಾಯಿಮಾತಿಗೆ ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಮಾತು ಕೇಳಿದರೆ ನಿಮ್ಮ ವಯಸ್ಸಿನಲ್ಲಿ ಮೈ ಉರಿಯುತ್ತದೆ ಎಂಬುದೂ ಗೊತ್ತು. ಗೆಲ್ಲಲು ಹೋಗಿದ್ದಿರಿ, ಗೆಲ್ಲಲಿಲ್ಲ. ಆದರೆ "ಚೆನ್ನಾಗಿ ಓಡ್ತಿತ್ತು" ಅನ್ನುವುದು ಅರ್ಧ ಲೆಕ್ಕ ಕಣಪ್ಪ. ಯಾವ ಬೆಳಕಿನಲ್ಲಿ? ಯಾವ ನೆಲದ ಮೇಲೆ? ಬ್ಯಾಟರಿ ಎಷ್ಟಿದ್ದಾಗ? ಹತ್ತು ಸಲ ಬಿಟ್ಟರೆ ಎಷ್ಟು ಸಲ?

ಮೊದಲು ಗೆರೆ ತಪ್ಪಿದ್ದನ್ನು ನೋಡೋಣ. ನಿಮ್ಮ ರೋಬೋದ ಹೊಟ್ಟೆಯಡಿ ಇರುವ ಸೆನ್ಸರ್‌ಗೆ ಕಪ್ಪು ಬಿಳುಪು ಏನೂ ಗೊತ್ತಿಲ್ಲ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಟ್ಟು, ಎಷ್ಟು ವಾಪಸು ಬಂತು ಎಂದು ನೋಡುತ್ತದೆ, ಅಷ್ಟೆ. ಬಿಳಿ ಹಾಳೆಯಿಂದ ಹೆಚ್ಚು ಬರುತ್ತದೆ, ಕಪ್ಪು ಟೇಪಿನಿಂದ ಕಡಿಮೆ. ಎಷ್ಟಕ್ಕಿಂತ ಕಡಿಮೆಯಾದರೆ ಗೆರೆ ಎಂದು ತಿಳಿಯಬೇಕು ಅನ್ನುವ ಗಡಿಯನ್ನು ನೀವು ಆ ಪುಟ್ಟ ಪ್ರಿಸೆಟ್ ತಿರುಗಿಸಿ ಗೊತ್ತುಮಾಡಿದ್ದಿರಿ. ಅದೂ ಶಾಲೆಯ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಕೆಳಗೆ. ಸ್ಪರ್ಧೆಯ ಹಾಲ್‌ನಲ್ಲಿ ಒಂದು ಬದಿ ಪೂರ್ತಿ ಗಾಜು ಎಂದು ನೀವೇ ಹೇಳಿದಿರಿ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿ ಇರುತ್ತದೆ. ಕಪ್ಪು ಗೆರೆಯ ಮೇಲೆ ನಿಂತಾಗಲೂ ಸೆನ್ಸರ್‌ಗೆ ಬೆಳಕು ತುಂಬಿ ಬಂತು, ಇದು ಬಿಳಿ ಎಂದುಕೊಂಡು ಗೋಡೆ ಕಡೆ ನಡೆಯಿತು. ನೀವು ಕಲಿಸಿದ ಹಾಗೇ ನಡೆದುಕೊಂಡಿತು, ಪಾಪ.

ಇನ್ನು ಬೋರ್ಡ್ ಆಫ್ ಆದದ್ದು. ಎರಡು ಚಕ್ರದ ಮೋಟಾರು, ಎತ್ತುವ ತೋಳಿನ ಸರ್ವೋ, ಮೇಲೆ ಆರ್ಡುಯಿನೋ ಬೋರ್ಡು, ಎಲ್ಲಕ್ಕೂ ಒಂದೇ ಬ್ಯಾಟರಿ. ನಿಂತ ಮೋಟಾರು ಹೊರಡುವ ಕ್ಷಣದಲ್ಲಿ, ಓಡುತ್ತಿರುವಾಗಿನ ಕರೆಂಟಿಗಿಂತ ಹಲವು ಪಟ್ಟು ಎಳೆದುಕೊಳ್ಳುತ್ತದೆ. ಆಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಬೆಳಿಗ್ಗೆಯಿಂದ ನೋಡಬಂದವರಿಗೆಲ್ಲ ಓಡಿಸಿ ತೋರಿಸಿ ಬ್ಯಾಟರಿಯನ್ನು ಆಗಲೇ ಇಳಿಸಿಬಿಟ್ಟಿದ್ದಿರಿ. "ಮಲ್ಟಿಮೀಟರ್ ಹಿಡಿದು ನೋಡಿದ್ವಿ, ಸರಿಯಾಗೇ ಇತ್ತು" ಅನ್ನುತ್ತೀರಿ. ಮೋಟಾರು ನಿಂತಿದ್ದಾಗ ನೋಡಿದ್ದು ಅದು. ಡಬ್ಬಿ ಎತ್ತುತ್ತಿರುವಾಗ ನೋಡಬೇಕು. ಮೋಟಾರಿಗೆ ಒಂದು ಬ್ಯಾಟರಿ, ಬೋರ್ಡಿಗೆ ಬೇರೊಂದು ಇಡಿ. ಎರಡರ ನೆಗೆಟಿವ್ ತಂತಿ ಮಾತ್ರ ಒಂದಕ್ಕೊಂದು ಸೇರಿರಲಿ, ಇಲ್ಲದಿದ್ದರೆ ಬೋರ್ಡ್ ಹೇಳಿದ್ದು ಮೋಟಾರ್ ಡ್ರೈವರ್‌ಗೆ ಅರ್ಥವಾಗುವುದಿಲ್ಲ. ಇದರಲ್ಲಿ ಗ್ರಹಚಾರದ ಮಾತೇ ಇಲ್ಲ.

ನಾನು ನಮ್ಮ ಊರು ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಚಿನ್ನದ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದವನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಗ ನೀವ್ಯಾರೂ ಹುಟ್ಟಿರಲಿಲ್ಲ. ನಿಮಗೆ ಗಣಿ ಎಂದರೆ ಸಯನೈಡ್ ಗುಡ್ಡ, ಗಿಡ ಹಬ್ಬಿದ ಕಟ್ಟಡ, ಸಿನಿಮಾ. ಚಾಂಪಿಯನ್ ರೀಫ್ ಕಡೆ ಹೋದರೆ ಕಾಣುವ ಶಾಫ್ಟಿನ ಕೆಳಗೆ ಆಳುಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ಕೆಲಸ ಮಾಡಿದರು, ಕೇಜ್ ಎಂಬ ಲಿಫ್ಟಿನಲ್ಲಿ, ಅದೂ ಒಂದೇ ಕೇಜಿನಲ್ಲಲ್ಲ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ. ಆ ಕೇಜನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ ಡ್ರೈವರ್ ಮೇಲೆ ಎಂಜಿನ್ ಮನೆಯಲ್ಲಿ ಕೂತಿರುತ್ತಿದ್ದ. ಅವನಿಗೆ ಕೇಜ್ ಕಾಣುವುದಿಲ್ಲ, ಅದರೊಳಗಿನ ಜನ ಕಾಣುವುದಿಲ್ಲ. ಎದುರಿಗೆ ಆಳ ತೋರಿಸುವ ಮುಳ್ಳು, ಹಗ್ಗ ಸುತ್ತುವ ಡ್ರಮ್ಮಿನ ಮೇಲೆ ಬಳಿದ ಗುರುತು, ಕಿವಿಗೆ ಗಂಟೆಯ ಸದ್ದು. ಇಷ್ಟನ್ನೇ ನಂಬಿ ಜೀವಗಳನ್ನು ಕತ್ತಲೆಗೆ ಇಳಿಸಬೇಕು. ಉಕ್ಕಿನ ಹಗ್ಗವೂ ಭಾರಕ್ಕೆ ಹಿಗ್ಗುತ್ತದೆ, ಹಳೆಯದಾದಂತೆ ಉದ್ದವಾಗುತ್ತದೆ. ಆದ್ದರಿಂದ ಮುಳ್ಳು ತೋರಿಸಿದ್ದನ್ನೂ ಆಗಾಗ ಸರಿಪಡಿಸಿಕೊಳ್ಳಬೇಕು. ನಿಮ್ಮ ರೋಬೋ ಕೂಡ ಆ ಡ್ರೈವರನ ಹಾಗೆ ಕಾಣದೆ ನಡೆಯುವುದು, ಸೆನ್ಸರ್ ಹೇಳಿದ್ದೇ ಅದರ ಲೋಕ.

ಅದಕ್ಕೇ ಗಣಿಯಲ್ಲಿ ಒಂದು ಕಟ್ಟಳೆ. ದುರಸ್ತಿಗೆಂದೋ ಮತ್ತೊಂದಕ್ಕೋ ಎಂಜಿನ್ ಹೆಚ್ಚು ಹೊತ್ತು ನಿಂತಿದ್ದರೆ, ಆಳುಗಳನ್ನು ಹತ್ತಿಸುವ ಮೊದಲು ಖಾಲಿ ಕೇಜ್ ಒಂದು ಸಲ ಕೆಳಗೆ ಹೋಗಿ ಮೇಲೆ ಬರಬೇಕು. ನೆನ್ನೆ ಸರಿಯಾಗಿತ್ತು ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಇದಕ್ಕೆ ಹೊತ್ತು ಹಿಡಿಯುತ್ತದೆ, ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಗೊಣಗಲಿ. ನೀವು ಹಾಲ್‌ಗೆ ಹೋದವರು ಮೊದಲು ಮಾಡಿದ್ದು ಏನು? ಟೇಬಲ್ಲಿಗೆ ಬ್ಯಾನರ್ ಕಟ್ಟಿದಿರಿ, ಫೋಟೊ ತೆಗೆದಿರಿ. ಅಭ್ಯಾಸಕ್ಕೆ ಕೊಟ್ಟ ಸಮಯದಲ್ಲಿ ಆ ನೆಲದ ಬಿಳಿಯ ಮೇಲೊಮ್ಮೆ, ಕಪ್ಪಿನ ಮೇಲೊಮ್ಮೆ ರೋಬೋ ಇಟ್ಟು, ಸೆನ್ಸರ್ ಎಷ್ಟೆಷ್ಟು ತೋರಿಸುತ್ತದೆ ನೋಡಿ, ಎರಡರ ನಡುವೆ ಗಡಿ ಇಟ್ಟಿದ್ದರೆ ಸಾಕಿತ್ತು. ಇನ್ನೂ ಒಳ್ಳೆಯದೆಂದರೆ ಶುರುವಿನಲ್ಲಿ ಅದೇ ಆಚೀಚೆ ತಿರುಗಿ ಎರಡನ್ನೂ ಓದಿ, ಗಡಿಯನ್ನು ತಾನೇ ಲೆಕ್ಕ ಹಾಕಿಕೊಳ್ಳುವಂತೆ ಪ್ರೋಗ್ರಾಮ್ ಬರೆಯುವುದು. ಆನಲಾಗ್ ಪಿನ್ ಬಳಸಿದರೆ ಇದು ಹತ್ತಿಪ್ಪತ್ತು ಸಾಲಿನ ಕೆಲಸ.

ಇನ್ನೊಂದು ಸಂಗತಿ, ನಿಮ್ಮ ಪಠ್ಯಪುಸ್ತಕದಲ್ಲಿ ಇರಲಾರದು. ಅರವತ್ತರ ದಶಕದ ಶುರುವಿನಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆಕಾಶದಿಂದ ಬರುವ ಮ್ಯೂಆನ್ ಕಣಗಳನ್ನು ಎಣಿಸಲು ನಮ್ಮ ಗಣಿಯೊಳಗೆ ಉಪಕರಣ ಇಳಿಸಿದರು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತಾ ಹೋಯಿತು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳ ಕಾಲ ಕಾದರೂ ಒಂದೇ ಒಂದು ಕಣ ಬರಲಿಲ್ಲ, ಸೊನ್ನೆ. ನೀವಾಗಿದ್ದರೆ ಉಪಕರಣ ಕೆಟ್ಟಿದೆ ಎಂದು ಮೂಲೆಗಿಡುತ್ತಿದ್ದಿರಿ. ಅವರು ಉಪಕರಣವನ್ನು ಮೇಲಿನಿಂದ ಹಂತ ಹಂತವಾಗಿ ಪರೀಕ್ಷಿಸಿಕೊಂಡೇ ಬಂದಿದ್ದರು, ಆದ್ದರಿಂದ ಆ ಸೊನ್ನೆಯನ್ನು ನಂಬಬಹುದಿತ್ತು. ಬೇರೆ ಯಾವ ಕಣದ ಗಲಾಟೆಯೂ ಇಲ್ಲದ ಇಂಥ ಜಾಗದಲ್ಲಿ ನ್ಯೂಟ್ರಿನೋ ಎಂಬ ಕಣ ಬಂದರೆ ಗೊತ್ತಾಗುತ್ತದೆ ಎಂದು ಅವರಿಗೆ ಹೊಳೆಯಿತು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಕೂಡಿಕೊಂಡರು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಸಿಕ್ಕಿತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ನಮ್ಮ ಕೆಜಿಎಫ್‌ನಲ್ಲಿ ಹುಡುಕಿದ ಇವರೂ ಇದ್ದರು.

ನಿಮ್ಮ ನೋಟ್‌ಬುಕ್ಕಿನಲ್ಲಿ ಓಡಿದ ದಿನಗಳು ಮಾತ್ರ ಇವೆ, ಕೆಂಪು ಪೆನ್ನಿನಲ್ಲಿ, ನಕ್ಷತ್ರ ಹಾಕಿ. ಓಡದ ದಿನಗಳು ಎಲ್ಲಿ? ಆ ದಿನ ಯಾವ ಚಕ್ರ ಜಾರಿತು, ಯಾವ ತಂತಿ ಸಡಿಲವಾಗಿತ್ತು ಎಂದು ಬರೆದಿದ್ದರೆ ಅದೇ ಪುಟ ಬೆಂಗಳೂರಿನಲ್ಲಿ ಕೆಲಸಕ್ಕೆ ಬರುತ್ತಿತ್ತು. ತೀರ್ಪುಗಾರರು ಏಕೆ ನಿಂತಿತು ಎಂದು ಕೇಳಿದಾಗ ನೀವು "ಇಲ್ಲಿ ಲೈಟ್ ಸರಿ ಇಲ್ಲ ಸಾರ್" ಅಂದಿರಂತೆ. "ಸೆನ್ಸರ್ ಇಲ್ಲಿ ಇಷ್ಟು ತೋರಿಸ್ತಿದೆ, ನಮ್ಮ ಶಾಲೇಲಿ ಇಷ್ಟು ತೋರಿಸ್ತಿತ್ತು" ಅಂದಿದ್ದರೆ ಅವರು ಕುರ್ಚಿಯಿಂದ ಮುಂದೆ ಬಾಗಿ ಕೇಳುತ್ತಿದ್ದರು.

ಆ ದೊಡ್ಡ ಶಾಲೆಗಳ ಹೊಸ ಕಿಟ್ ಕಂಡು ನಿಮಗೆ ಹೊಟ್ಟೆ ಉರಿದದ್ದು ನಿಜ. ಉರಿಯಲಿ, ತಪ್ಪೇನಿಲ್ಲ. ಅಟಲ್ ಟಿಂಕರಿಂಗ್ ಲ್ಯಾಬ್ ಬಂದ ಮೇಲೂ ಸಾಮಾನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಗಳನ್ನು ನಾನು ಕಂಡಿದ್ದೇನೆ, ಮಕ್ಕಳು ಮುಟ್ಟಿದರೆ ಹಾಳಾಗುತ್ತದಂತೆ. ನಿಮ್ಮ ಮೇಷ್ಟ್ರು ಬೀಗದ ಕೈ ನಿಮ್ಮ ಕೈಗೇ ಕೊಟ್ಟಿದ್ದಾರೆ, ಕಡಿಮೆ ಬಿದ್ದದ್ದನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾವೇ ತಂದುಕೊಡುತ್ತಾರೆ. ಮತ್ತೆ ಬೆಂಗಳೂರು ಮುಂದೆ, ನಾವು ಹಿಂದೆ ಎಂದು ಮಾತ್ರ ತಿಳಿಯಬೇಡಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟ್ 1902ರಲ್ಲಿ 92 ಮೈಲಿ ತಂತಿಯ ಮೇಲೆ ಮೊದಲು ಬಂದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಷ್ಟು ದೂರ ಕರೆಂಟ್ ಸಾಗಿಸುವ ತಂತಿ ಆಗ ಪ್ರಪಂಚದಲ್ಲೇ ಅಪರೂಪ. ಅಂಥ ಹೊಸದಕ್ಕೆ ಕೈ ಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಆ ದೀಪ ಅವರು ನೋಡಲಿಲ್ಲ.

ಈಗ ಬೈಯುವ ಮಾತು. ತಂಡದಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ಕೊಟ್ಟದ್ದು ಚಾರ್ಟ್ ಬರೆಯುವ ಕೆಲಸ, ಅಕ್ಷರ ಚೆನ್ನಾಗಿದೆ ಅಂತ. ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ಲ್ಯಾಪ್‌ಟಾಪ್ ಒಬ್ಬನ ಮಡಿಲಲ್ಲಿ. ಬೋರ್ಡ್ ಆಫ್ ಆದಾಗ ಪ್ರೋಗ್ರಾಮ್ ಗೊತ್ತಿದ್ದವನು ಕೈ ನಡುಗಿಸುತ್ತಾ ಕೂತ, ಉಳಿದ ಮೂವರು ಅವನ ಮುಖ ನೋಡುತ್ತಾ ನಿಂತಿರಿ. ಮೊದಲನೇ ಸರದಿಗೆ ಮುಂಚೆಯೇ "ಕಿಟಕಿ ಬೆಳಕು ಜಾಸ್ತಿ ಅಲ್ವಾ" ಎಂದು ಅವಳು ಹೇಳಿದ್ದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಣಿಯಲ್ಲಿ ತಮಿಳರು, ತೆಲುಗರು, ಕನ್ನಡದವರು, ಉರ್ದು ಮಾತಾಡುವವರು ಎಲ್ಲ ಇದ್ದರು, ಎಲ್ಲರಿಗೂ ಅರ್ಥವಾಗುತ್ತಿದ್ದದ್ದು ಗಂಟೆ. ಕೇಜ್ ಚಲಿಸುತ್ತಿರುವಾಗ ಒಂದು ಗಂಟೆ ಬಿದ್ದರೆ ನಿಲ್ಲಿಸಬೇಕು. ಬಾರಿಸಿದವನು ಯಾವ ದರ್ಜೆಯವನು, ಯಾಕೆ ಬಾರಿಸಿದ ಎಂಬುದೆಲ್ಲ ಆಮೇಲೆ. ನಿಮ್ಮ ತಂಡದಲ್ಲೂ ಹಾಗೇ ಆಗಲಿ: ನಾಲ್ವರಲ್ಲಿ ಯಾರು "ನಿಲ್ಲಿಸಿ" ಅಂದರೂ ನಿಲ್ಲಿಸಿ ನೋಡಿ. ಮುಂದಿನ ಸಲ ಲ್ಯಾಪ್‌ಟಾಪ್ ಅವಳ ಕೈಯಲ್ಲಿರಲಿ, ಚಾರ್ಟನ್ನು ಹುಡುಗರು ಬರೆಯಿರಿ. ಅಕ್ಷರ ಕೋಳಿಕಾಲಿನ ಹಾಗಿದ್ದರೂ ತೊಂದರೆಯಿಲ್ಲ.

ಪಕ್ಕದ ಟೇಬಲ್ಲಿನವರು ನಿಮಗೆ ಚಾರ್ಜರ್ ಕೊಟ್ಟರು ಎಂದು ಕೇಳಿ ಸಂತೋಷವಾಯಿತು. ಅಮೆರಿಕದಲ್ಲಿ ಡೀನ್ ಕೇಮನ್ ಎಂಬವರು 1989ರಲ್ಲಿ ಫಸ್ಟ್ ಎಂಬ ಸಂಸ್ಥೆ ಕಟ್ಟಿ, 1992ರಲ್ಲಿ ಒಂದು ಹೈಸ್ಕೂಲಿನ ಜಿಮ್‌ನಲ್ಲಿ 28 ತಂಡಗಳನ್ನು ಸೇರಿಸಿ ರೋಬೋ ಸ್ಪರ್ಧೆ ನಡೆಸಿದರು. ಅವರ ಜೊತೆಗಿದ್ದ ಎಂಐಟಿಯ ಪ್ರೊಫೆಸರ್ ವುಡೀ ಫ್ಲವರ್ಸ್ ಒತ್ತಿ ಹೇಳುತ್ತಿದ್ದದ್ದು ಇದನ್ನೇ, ಹಟ ಹಿಡಿದು ಪೈಪೋಟಿ ಮಾಡಿ, ಹಾಗೆಯೇ ಎದುರಾಳಿಗೆ ಬೇಕಾದದ್ದನ್ನೂ ಕೊಡಿ ಎಂದು. ಆ ಚಾರ್ಜರ್ ವಾಪಸು ಕೊಟ್ಟಿರಿ ತಾನೆ?

ಮುಂದೇನು ಮಾಡೋಣ ಎಂದು ಕೇಳಿದಿರಿ. ಡಬ್ಬಿ ಎತ್ತಿಡುವ ಆಟ ಸಾಕು. ನಮ್ಮ ಊರಿನಲ್ಲಿ ಮನುಷ್ಯರು ಮಲದ ಗುಂಡಿಗೆ ಇಳಿದಿದ್ದಾರೆ. ಬೆಜವಾಡ ವಿಲ್ಸನ್ ಅವರ ಹೆಸರು ಕೇಳಿದ್ದೀರಾ? 1966ರಲ್ಲಿ ಇದೇ ಕೆಜಿಎಫ್‌ನಲ್ಲಿ, ಮಲ ಬಳಿಯುವ ಕೆಲಸಕ್ಕೆ ದೂಡಲ್ಪಟ್ಟ ಮನೆಯಲ್ಲಿ ಹುಟ್ಟಿದವರು. ಆ ಕೆಲಸವನ್ನೇ ಇಲ್ಲವಾಗಿಸಲು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅದನ್ನು ನಿಷೇಧಿಸಲು 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ನಡುವೆ 2011ರಲ್ಲಿ ನಮ್ಮ ಊರಲ್ಲೇ ಗುಂಡಿಗೆ ಇಳಿದ ಮೂವರು ಪ್ರಾಣ ಬಿಟ್ಟರು. ಕಲ್ಲಿಕೋಟೆಯಲ್ಲಿ 2015ರಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು, ಅವರನ್ನು ಉಳಿಸಲು ಹೋದ ಒಬ್ಬ ಆಟೋ ಡ್ರೈವರ್ ಸತ್ತಾಗ, ಕೇರಳದ ಕೆಲವು ಎಂಜಿನಿಯರಿಂಗ್ ಹುಡುಗರು ಮನುಷ್ಯನ ಬದಲು ಒಳಗೆ ಇಳಿಯುವ ಯಂತ್ರ ಮಾಡಲು ಹೊರಟರು. 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿದ ಬ್ಯಾಂಡಿಕೂಟ್ ಅದೇ.

ಅಷ್ಟು ದೊಡ್ಡದು ನಿಮ್ಮಿಂದ ಈಗ ಆಗದು, ಬೇಡ. ಹಗ್ಗಕ್ಕೆ ಕಟ್ಟಿ ಇಳಿಬಿಡಬಹುದಾದ ಒಂದು ಪುಟ್ಟ ಪೆಟ್ಟಿಗೆ ಮಾಡಿ, ಒಳಗೆ ಮೀಥೇನ್ ಗುರುತಿಸುವ ಸೆನ್ಸರ್ ಇರಲಿ, ಮೇಲೆ ಒಂದು ಕೆಂಪು ದೀಪ. ಅಗ್ಗದ ಗ್ಯಾಸ್ ಸೆನ್ಸರ್‌ಗಳು ಒಳಗಿನ ಹೀಟರ್ ಕಾದ ಮೇಲೇ ಸರಿಯಾಗಿ ಹೇಳುವುದು, ತೇವ ಹೆಚ್ಚಾದರೆ ಬೇರೆ ಹೇಳುತ್ತವೆ, ಒಂದೊಂದನ್ನೂ ಗೊತ್ತಿರುವ ಗ್ಯಾಸಿನ ಎದುರು ಪರೀಕ್ಷಿಸಬೇಕು. ಆ ಹೀಟರ್ ಕಾದಿರುತ್ತದಾದ್ದರಿಂದ ನಿಜವಾದ ಗುಂಡಿಗೆ ಇಳಿಬಿಡುವ ಯೋಚನೆಯೇ ಬೇಡ, ಪ್ರಯೋಗವೆಲ್ಲ ಶಾಲೆಯಲ್ಲಿ, ಮೇಷ್ಟ್ರು ಇದ್ದಾಗ. ಹಸಿರು ದೀಪ ಹಾಕಬೇಡಿ. "ಅಪಾಯ" ಎಂದು ಹೇಳುವ ಅಧಿಕಾರ ಮಾತ್ರ ಆ ಪೆಟ್ಟಿಗೆಗೆ ಇರಲಿ, "ಸರಿ ಇದೆ, ಇಳಿ" ಎಂದು ಹೇಳುವ ಅಧಿಕಾರ ಅದಕ್ಕೂ ಇಲ್ಲ, ನಿಮಗೂ ಇಲ್ಲ. ಭಾನುವಾರ ನಮ್ಮ ಮನೆಗೆ ಬನ್ನಿ, ಹಳೇ ಬ್ಯಾಟರಿಯನ್ನೂ ತನ್ನಿ, ಮೋಟಾರು ಓಡುತ್ತಿರುವಾಗ ಅದು ಎಷ್ಟು ಕುಸಿಯುತ್ತದೆ ಎಂದು ಮೊದಲು ಅಳೆಯೋಣ.