ಟ್ರಾಕ್ಷನ್ ಕಂಟ್ರೋಲ್‌ಗೆ ‘ಆಫ್’ ಸ್ವಿಚ್: ಹಾಕಿಸುವ ಮುನ್ನ, ಹಾಕಿಸುವಾಗ

ಕೆಸರಿನಲ್ಲಿ ಚಕ್ರ ಹೂತಾಗ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕೆಲವು ಕಾರುಗಳ ಎಂಜಿನ್ ವೇಗ ಏರುವುದೇ ಇಲ್ಲ. ಕೆಟ್ಟಿರುವುದು ಎಂಜಿನ್ ಅಲ್ಲ. ಚಕ್ರ ಜಾರುತ್ತಿರುವುದು ತಿಳಿದ ಕೂಡಲೇ ಟ್ರಾಕ್ಷನ್ ಕಂಟ್ರೋಲ್ ಎಂಜಿನ್ ಶಕ್ತಿ ತಗ್ಗಿಸಿ, ಆ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಒದ್ದೆ ಡಾಂಬರಿನ ಮೇಲೆ ಇದು ಬೇಕೇ ಬೇಕು. ಕೆಸರು, ಮರಳಿನಲ್ಲಿ ಮಾತ್ರ ಚಕ್ರ ತುಸು ಜಾರುತ್ತಾ ತಿರುಗಿದರೇ ಕಾರು ಮೇಲೇಳುವುದು. ಆಗ ಬೇಕಾಗುವುದೇ ಆಫ್ ಸ್ವಿಚ್.

1. ಮೊದಲೇ ಇದೆಯೇ ನೋಡಿ. ಸ್ಟೀರಿಂಗ್ ಪಕ್ಕದಲ್ಲಿ ಅಥವಾ ಗೇರ್ ಬಳಿ, ಜಾರುವ ಕಾರಿನ ಚಿತ್ರವಿರುವ ಬಟನ್ ಹುಡುಕಿ. ಕೆಲವು ಕಾರುಗಳಲ್ಲಿ ಇದು ಟಚ್‌ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಹ್ಯುಂಡೈ, ಕಿಯಾದ ಹಲವು ಮಾದರಿಗಳಲ್ಲಿ ಬಟನ್ ಒಮ್ಮೆ ಒತ್ತಿದರೆ ಟ್ರಾಕ್ಷನ್ ಕಂಟ್ರೋಲ್ ಮಾತ್ರ ಆಫ್. 3 ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿ ಹಿಡಿದರೆ, ಕಾರು ಅಡ್ಡಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಆಫ್.

2. ಇಲ್ಲದಿದ್ದರೆ ನಿಮ್ಮದೇ ಮಾದರಿಯ ಹೆಚ್ಚು ಬೆಲೆಯ ವೇರಿಯಂಟ್ ಗಮನಿಸಿ. ಅದರಲ್ಲಿ ಬಟನ್ ಇದ್ದರೆ, ನಿಮ್ಮ ಕಾರಿನಲ್ಲಿ ಆ ಜಾಗದಲ್ಲಿರುವ ಡಮ್ಮಿ ಮುಚ್ಚಳದ ಹಿಂದೆ ವೈರಿಂಗ್ ಬಂದಿದೆಯೇ, ಸಾಫ್ಟ್‌ವೇರ್ ಬದಲಿಸಬೇಕೇ ಎಂದು ಸರ್ವಿಸ್ ಸೆಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ.

3. ಕಂಪನಿಯ ಸ್ವಿಚ್ಚನ್ನೇ ಕೊಳ್ಳಿ. ಸಾಮಾನ್ಯವಾಗಿ ಇದು ಕಾಲಿಂಗ್ ಬೆಲ್ ಬಟನ್ನಿನಂತೆ ಒತ್ತಿ ಬಿಡುವ ಬಗೆಯದು. ಆ ಜಾಗದಲ್ಲಿ ಮನೆಯ ಲೈಟಿನ ಸ್ವಿಚ್ಚಿನಂತೆ ಒತ್ತಿದಲ್ಲೇ ಉಳಿಯುವ ಸ್ವಿಚ್ ಹಾಕಿದರೆ, ಬಟನ್ ಸಿಕ್ಕಿಕೊಂಡಿದೆ ಎಂದು ಕಂಟ್ರೋಲ್ ಯೂನಿಟ್ ದೋಷ ದಾಖಲಿಸಬಹುದು.

4. ಜೋಡಣೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಮುಟ್ಟಬೇಡಿ. ಡಮ್ಮಿ ಮುಚ್ಚಳವನ್ನು ಪ್ಲಾಸ್ಟಿಕ್ ಉಪಕರಣದಿಂದ ತೆಗೆದು, ಕನೆಕ್ಟರನ್ನು ಸ್ವಿಚ್ಚಿಗೆ ‘ಕ್ಲಿಕ್’ ಎನ್ನುವವರೆಗೆ ಒತ್ತಿ. ವೈರಿಂಗೇ ಇಲ್ಲದಿದ್ದರೆ ಕೆಲಸವನ್ನು ಸರ್ಕ್ಯೂಟ್ ನಕ್ಷೆ ಓದಬಲ್ಲ ಆಟೊ ಎಲೆಕ್ಟ್ರಿಷಿಯನ್‌ಗೇ ಬಿಡಿ.

5. ಪರೀಕ್ಷೆ. ಬ್ಯಾಟರಿ ಟರ್ಮಿನಲ್ ಮತ್ತೆ ಜೋಡಿಸಿ, ಎಂಜಿನ್ ಚಾಲೂ ಮಾಡಿ ಬಟನ್ ಒತ್ತಿದಾಗ ಮೀಟರ್‌ನಲ್ಲಿ ‘ಆಫ್’ ದೀಪ ಬೆಳಗಬೇಕು, ಮತ್ತೆ ಒತ್ತಿದರೆ ಆರಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉಳಿದುಕೊಂಡರೆ ಸ್ಕ್ಯಾನರ್ ಹಾಕಿಸದೆ ಕಾರು ಹೊರಗೆ ಒಯ್ಯಬೇಡಿ.

ಈ ಅಡ್ಡದಾರಿ ಬೇಡ: ಎಬಿಎಸ್ ಫ್ಯೂಸ್ ಕೀಳುವುದು, ಚಕ್ರದ ಸೆನ್ಸರ್ ವೈರಿಗೆ ಸ್ವಿಚ್ ಹಾಕುವುದು ಅಗ್ಗದ ಉಪಾಯಗಳು. ಟ್ರಾಕ್ಷನ್ ಕಂಟ್ರೋಲ್ ಆಫ್ ಆಗುವುದೇನೋ ನಿಜ. ಅದರ ಜತೆಗೆ ಎಬಿಎಸ್ ಕೂಡ ಹೋಗುತ್ತದೆ. ಮುಂದೆ–ಹಿಂದೆ ಬ್ರೇಕ್ ಬಲ ಹಂಚುವ ವ್ಯವಸ್ಥೆಯೂ ನಿಂತರೆ, ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯಬಹುದು. ಸ್ವಿಚ್ ಕಂಟ್ರೋಲ್ ಯೂನಿಟ್‌ಗೆ ಸೂಚನೆ ಕೊಡಬೇಕೇ ಹೊರತು ಅದಕ್ಕೆ ಬರುವ ಮಾಹಿತಿಯನ್ನು ತಡೆಯಬಾರದು.

ವೈರಿಂಗ್ ಕತ್ತರಿಸಿದರೆ ವಾರಂಟಿಗೂ ತೊಡಕು. ವಾಹನದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ನಿರ್ಬಂಧಗಳಿವೆ. ಆದಷ್ಟೂ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಕೆಲಸ ಮಾಡಿಸಿ, ಬಿಲ್ ಇಟ್ಟುಕೊಂಡು, ವಿಮಾ ಕಂಪನಿಗೂ ತಿಳಿಸಿ. ಕೆಸರು ದಾಟಿದ ಕೂಡಲೇ ಮತ್ತೆ ಆನ್ ಮಾಡಿ. ಮಳೆಯಲ್ಲಿ ಘಾಟಿ ಇಳಿಯುವಾಗ ಆ ಬಟನ್ ಮುಟ್ಟಲೇಬೇಡಿ.