ಮೂಲಚಿಹ್ನೆಯ ಮೇಲ್ಗೆರೆ

ಒಂಬತ್ತಕ್ಕೆ ಹದಿನಾರನ್ನು ಕೂಡಿ, ಬಂದ ಮೊತ್ತದ ವರ್ಗಮೂಲವನ್ನು ತೆಗೆದರೆ 5. ಒಂಬತ್ತರ ವರ್ಗಮೂಲಕ್ಕೆ ಹದಿನಾರನ್ನು ಕೂಡಿದರೆ 19. ಕಾಗದದ ಮೇಲೆ ಎರಡಕ್ಕೂ ಅಂಕಿಗಳು ಅವೇ, ಚಿಹ್ನೆಗಳೂ ಅವೇ. ಮೂಲಚಿಹ್ನೆಯ ಮೇಲ್ಗೆರೆ ಎಲ್ಲಿಯವರೆಗೆ ಹಾಯ್ದಿದೆ ಎಂಬುದೊಂದೇ ಭೇದ. ಪ್ರಶ್ನಪತ್ರಿಕೆಯಲ್ಲಿ ಆ ಗೆರೆ ಮೊಟಕಾದರೆ, ಚೆನ್ನಾಗಿ ಕಲಿತ ವಿದ್ಯಾರ್ಥಿಯ ಉತ್ತರವೇ ತಪ್ಪಾಗುತ್ತದೆ.

ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲಿ ಈ ಗೆರೆಯ ಗೊಡವೆಯೇ ಇಲ್ಲ. 'ಕರಣಿ' ಶಬ್ದದ ಮೊದಲಕ್ಷರವಾದ 'ಕ'ವನ್ನು ಸಂಖ್ಯೆಯ ಮುಂದೆ ಬರೆಯುವುದು ಅಲ್ಲಿನ ಪದ್ಧತಿ. ಆ ಶಬ್ದ ಕನ್ನಡ ಪಠ್ಯಪುಸ್ತಕಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. √ ಚಿಹ್ನೆಯು ಕ್ರಿಸ್ಟೋಫ್ ರುಡಾಲ್ಫನ ಜರ್ಮನ್ ಬೀಜಗಣಿತ ಗ್ರಂಥದಲ್ಲಿ 1525ರಲ್ಲಿ ಅಚ್ಚಾಯಿತು. ಅದಕ್ಕೂ ಮೇಲ್ಗೆರೆ ಇರಲಿಲ್ಲ. ಅದನ್ನು ಜೋಡಿಸಿದವನು ದೆಕಾರ್ತ್, 1637ರಲ್ಲಿ.

ಗಣಿತದ ಪುಟಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲೆಂದು ಡೊನಾಲ್ಡ್ ಕನೂತ್ 'ಟೆಕ್' ವ್ಯವಸ್ಥೆಯನ್ನು 1978ರಲ್ಲಿ ಹೊರತಂದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ 'ಲೇಟೆಕ್' ಅನ್ನು ಕಟ್ಟಿದರು. ಇದರಲ್ಲಿ 'ಎಸ್‌ಕ್ಯೂಆರ್‌ಟಿ' ಎಂಬ ಆದೇಶದ ಮುಂದೆ ಪುಷ್ಪಾವರಣದೊಳಗೆ ಇಟ್ಟಷ್ಟಕ್ಕೆ ಮೇಲ್ಗೆರೆ ತಾನಾಗಿ ಹರಡಿಕೊಳ್ಳುತ್ತದೆ. ಆವರಣವನ್ನು ಮರೆತು 16 ಎಂದು ಬರೆದರೆ ಗೆರೆ ಬರುವುದು 1ರ ಮೇಲೆ ಮಾತ್ರ, 6 ಹೊರಗುಳಿಯುತ್ತದೆ.

ಇನ್ನು ರೂಪದ ಮಾತು. ಗಿಡ್ಡ ಅಕ್ಷರವೂ ನೀಳವಾದ ಅಕ್ಷರವೂ ಒಂದೇ ಸಾಲಿನ ಎರಡು ಮೂಲಗಳೊಳಗೆ ಬಂದಾಗ ಮೇಲ್ಗೆರೆಗಳು ಏರುಪೇರಾಗಿ ಕಾಣುತ್ತವೆ. ಪ್ರತಿಯೊಂದು ಮೂಲದೊಳಗೂ 'ಮ್ಯಾಥ್‌ಸ್ಟ್ರಟ್' ಸೇರಿಸುವುದೇ ಇದಕ್ಕೆ ಮದ್ದು. ಅದು ಕಣ್ಣಿಗೆ ಕಾಣದ ಊರೆಗೋಲು. ಅಗಲವಿಲ್ಲ, ಎತ್ತರ ಮಾತ್ರ ಒಂದು ಆವರಣಚಿಹ್ನೆಯಷ್ಟು. ಘನಮೂಲದ 3ರಂತಹ ಕ್ರಮಸೂಚಕವನ್ನು ಚೌಕಾವರಣದಲ್ಲಿ ಕೊಡಬೇಕು. ಅದು ಚಿಹ್ನೆಗೆ ತಾಗಿದರೆ 'ಎಎಂಎಸ್‌ಮ್ಯಾಥ್' ಎಂಬ ಪೂರಕದ 'ಅಪ್‌ರೂಟ್' ಮೇಲಕ್ಕೂ 'ಲೆಫ್ಟ್‌ರೂಟ್' ಎಡಕ್ಕೂ ಸರಿಸುತ್ತವೆ; ಋಣಸಂಖ್ಯೆ ಕೊಟ್ಟರೆ ಚಲನೆ ತಿರುಗುಮುರುಗು. ಗೆರೆಯ ದಪ್ಪಕ್ಕೆ ಕೈಹಾಕದಿರುವುದೇ ಲೇಸು. ಟೆಕ್ ಅದನ್ನು ಮೂಲಚಿಹ್ನೆಯ ಅಚ್ಚಿನಿಂದಲೇ ಅಳೆದುಕೊಳ್ಳುವುದರಿಂದ ಬೆಸುಗೆ ಕಾಣುವುದಿಲ್ಲ.

ಗೆರೆಯ ಬಲತುದಿಯಲ್ಲಿ ಕೆಳಕ್ಕೆ ಇಳಿಯುವ ಕಿರುಗೆರೆಯನ್ನು ಕೆಲವರು ಅಲಂಕಾರವೆಂದು ತಳ್ಳಿಹಾಕುವುದುಂಟು. ಪ್ರೌಢಶಾಲೆಯ ಮಕ್ಕಳಿಗಾದರೋ ಅದು ಮೂಲದ ಎಲ್ಲೆಯನ್ನು ಸ್ಪಷ್ಟವಾಗಿ ತೋರುವ ಗಡಿಕಲ್ಲು. ಲೇಟೆಕ್‌ನ ಮೂಲ ಆದೇಶ ಇದನ್ನು ಕೊಡುವುದಿಲ್ಲ. ಮೂಲವನ್ನು ಮೊದಲು ಒಂದು ಪೆಟ್ಟಿಗೆಯೊಳಗೆ ಕಟ್ಟಿ, ಅದರ ಎತ್ತರವನ್ನು ಅಳೆದು, ತುದಿಗೆ ಕಿರುಗೆರೆಯನ್ನು ಹಚ್ಚುವ ಹೊಸ ಆದೇಶವನ್ನು ಬರೆದುಕೊಳ್ಳಬೇಕು. ಹಳೆಯ ಹೆಸರನ್ನೇ ಹೊಸದಕ್ಕೂ ಇಡುವ ಆಸೆಯಿದ್ದರೆ, ಹಳೆಯ ಆದೇಶವನ್ನು ಮುಂಚಿತವಾಗಿ ಬೇರೊಂದು ಹೆಸರಿನಲ್ಲಿ ಕಾಯ್ದಿರಿಸತಕ್ಕದ್ದು. ಇಲ್ಲವಾದರೆ ಆದೇಶವು ತನ್ನನ್ನೇ ಕರೆಯುತ್ತ ಸುತ್ತಿ, ಪುಟ ಮುಗಿಯುವ ಮುನ್ನವೇ ಯಂತ್ರ ಕೆಲಸ ನಿಲ್ಲಿಸುತ್ತದೆ.